ಆಟಿಸಂ ಇರುವ, ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವ ಮಗುವಿನ ಎಡಿಎಚ್‌ಡಿ ಮೌಲ್ಯಮಾಪನ: ಪ್ರಶ್ನಾವಳಿಯ ಅಂಕಗಳನ್ನು ಹೇಗೆ ಓದಬೇಕು?

ಪ್ರಶ್ನೆ: ಶಾಲಾ ಆಪ್ತಸಮಾಲೋಚಕಿ

ಎಲ್ಲರಿಗೂ ನಮಸ್ಕಾರ. ಪ್ರಾಥಮಿಕ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿಯಾಗಿರುವ ನಾನು, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸ್ಥಿತಿ) ಇರಬಹುದೆಂದು ಶಿಕ್ಷಕರಿಗೆ ಅನಿಸಿದ ಮಕ್ಕಳನ್ನು ತಜ್ಞರ ಬಳಿಗೆ ಕಳುಹಿಸುವ ಮೊದಲು ಶಿಕ್ಷಕರಿಂದಲೂ ಪಾಲಕರಿಂದಲೂ ಪ್ರಶ್ನಾವಳಿ ತುಂಬಿಸಿ, ಅದರೊಂದಿಗೆ ಶಾಲೆಯ ವರದಿಯನ್ನೂ ಸೇರಿಸಿ ಕೊಡುತ್ತೇನೆ. ಈಗ ನನ್ನ ಮುಂದಿರುವ ಒಬ್ಬ ಬಾಲಕನ ವಿಷಯದಲ್ಲಿ ಆ ಅಂಕಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೆಂಬುದೇ ಸ್ಪಷ್ಟವಾಗುತ್ತಿಲ್ಲ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಾಲಕನಿಗೆ 8 ವರ್ಷ. ಆಟಿಸಂ ಇದೆಯೆಂದು ಶಾಲೆಗೆ ಸೇರುವ ಮೊದಲೇ ನಿರ್ಣಯವಾಗಿದೆ. ಕುಟುಂಬ ಬೇರೊಂದು ದೇಶದಿಂದ ವಲಸೆ ಬಂದದ್ದು. ಮನೆಯ ಮಾತು ಬೇರೆ, ಶಾಲೆಯ ಮಾತು ಬೇರೆ. ತರಗತಿಯ ಶಿಕ್ಷಕಿ ತುಂಬಿದ ಪ್ರಶ್ನಾವಳಿಯಲ್ಲಿ ಗಮನದ ಕೊರತೆಗೆ ಸಂಬಂಧಿಸಿದ 9 ಅಂಶಗಳಲ್ಲಿ 7ಕ್ಕೆ ‘ಬಹಳ ಸಲ’ ಎಂಬ ಗುರುತು ಬಿದ್ದಿದೆ. ತಾಯಿ ತುಂಬಿದ ಹಾಳೆಯಲ್ಲಿ ಅಂಥ ಗುರುತು ಎರಡಕ್ಕೆ ಮಾತ್ರ ಇದೆ. ಸಹೋದ್ಯೋಗಿಯೊಬ್ಬರು, “ಕಾಣುವುದೆಲ್ಲ ಆಟಿಸಂನ ಲಕ್ಷಣವೇ, ಅದರ ಮೇಲೆ ಇನ್ನೊಂದು ಹೆಸರು ಏಕೆ?” ಎನ್ನುತ್ತಾರೆ. ಇನ್ನೊಬ್ಬರು, “ಆ ಸಮುದಾಯದ ಪಾಲಕರು ಇಂಥದ್ದನ್ನು ಒಪ್ಪಿಕೊಳ್ಳುವುದೇ ಇಲ್ಲ, ತಾಯಿಯ ಉತ್ತರವನ್ನು ಬದಿಗಿಡಿ” ಎನ್ನುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದೂ ನನಗೆ ಸಮಾಧಾನ ಕೊಟ್ಟಿಲ್ಲ. ಬಾಲಕ ಕಷ್ಟಪಡುತ್ತಿದ್ದಾನೆ ಎಂಬುದು ನನ್ನ ಕಣ್ಣಿಗೇ ಕಾಣುತ್ತಿದೆ. ಆದರೆ ಆ ಕಷ್ಟ ಯಾವುದರದ್ದು ಎಂದು ಹೇಳುವ ಅಳತೆಗೋಲು ಅವನಂಥ ಮಗುವಿಗಾಗಿ ಮಾಡಿದ್ದೇ ಅಲ್ಲವೇನೋ ಎಂಬ ಅನುಮಾನವೂ ಕಾಡುತ್ತಿದೆ. ಈ ಕ್ಷೇತ್ರದಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಮಕ್ಕಳ ಕ್ಲಿನಿಕಲ್ ಸೈಕಾಲಜಿಸ್ಟ್

ನಮಸ್ಕಾರ ಮೇಡಂ. ನಿಮ್ಮ ಅನುಮಾನ ಸರಿಯಾಗಿದೆ. ಸಹೋದ್ಯೋಗಿಗಳ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯವರು ಹೇಳುತ್ತಿರುವುದು ಒಂದು ಕಾಲದಲ್ಲಿ ನಿಯಮವೇ ಆಗಿತ್ತು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ನಾಲ್ಕನೆಯ ಆವೃತ್ತಿಯಾದ 1994ರ ಡಿಎಸ್‌ಎಂ-4ರ ಪ್ರಕಾರ ಆಟಿಸಂ ಇರುವ ಮಗುವಿಗೆ ಎಡಿಎಚ್‌ಡಿ ನಿರ್ಣಯವನ್ನು ಪ್ರತ್ಯೇಕವಾಗಿ ಕೊಡುವಂತಿರಲಿಲ್ಲ. 2013ರ ಡಿಎಸ್‌ಎಂ-5 ಈ ತಡೆಯನ್ನು ತೆಗೆದುಹಾಕಿತು. ಆಟಿಸಂ ಇರುವ ಮಕ್ಕಳಲ್ಲಿ ಜೊತೆಯಾಗಿ ಅತಿ ಹೆಚ್ಚು ಕಂಡುಬರುವ ಸ್ಥಿತಿಗಳಲ್ಲಿ ಎಡಿಎಚ್‌ಡಿಯೂ ಒಂದು ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ. ಆದ್ದರಿಂದ ‘ಆಟಿಸಂ ಇದೆ, ಅಷ್ಟು ಸಾಕು’ ಎಂದು ಕಡತ ಮುಚ್ಚುವುದು ಮಗುವಿಗೆ ಸಿಗಬೇಕಾದ ನೆರವಿನ ಅರ್ಧವನ್ನು ಮುಚ್ಚಿದಂತೆ.

ಆದರೆ ಶಿಕ್ಷಕಿಯ 7 ಗುರುತುಗಳನ್ನು ಎಣಿಸಿ, ‘ನಿರ್ಣಯಕ್ಕೆ ಬೇಕಾದ 6ರ ಮಿತಿ ದಾಟಿದೆ, ಆದ್ದರಿಂದ ಎಡಿಎಚ್‌ಡಿ’ ಎನ್ನುವುದೂ ಅಷ್ಟೇ ಅವಸರದ ತೀರ್ಮಾನ. ನಾವು ಬಳಸುವ ಬಹುತೇಕ ಪ್ರಶ್ನಾವಳಿಗಳ ಮಾನದಂಡಗಳನ್ನು ಆಟಿಸಂ ಇಲ್ಲದ ಮಕ್ಕಳ ಗುಂಪುಗಳಿಂದ ಪಡೆಯಲಾಗಿದೆ. ಆಟಿಸಂ ಇರುವ ಮಕ್ಕಳಲ್ಲಿ ಎಡಿಎಚ್‌ಡಿ ರೇಟಿಂಗ್ ಸ್ಕೇಲ್ ಹೇಗೆ ಕೆಲಸ ಮಾಡುತ್ತದೆಂದು ಪರಿಶೀಲಿಸಿದ 2017ರ ಅಧ್ಯಯನವೊಂದರಲ್ಲಿ, ಆ ಪ್ರಶ್ನಾವಳಿಯ ಒಳರಚನೆ (ಅದರ ಅಂಶಗಳು ಗುಂಪುಗೂಡುವ ಬಗೆ) ಈ ಮಕ್ಕಳಿಗೆ ಸರಿಯಾಗಿ ಹೊಂದಿಕೊಳ್ಳಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ‘ನೇರವಾಗಿ ಮಾತನಾಡಿಸಿದಾಗಲೂ ಕೇಳಿಸಿಕೊಳ್ಳದಂತೆ ಕಾಣುತ್ತಾನೆ’ ಎಂಬ ಒಂದೇ ಅಂಶವನ್ನು ನೋಡಿ. ಎಡಿಎಚ್‌ಡಿ ಇರುವ ಮಗು ಮಾತಿನ ಆರಂಭವನ್ನು ಕೇಳಿಸಿಕೊಂಡು ನಡುವೆ ಎಲ್ಲೋ ಜಾರಿಹೋಗುತ್ತದೆ. ಆಟಿಸಂ ಇರುವ ಮಗು ತನ್ನ ಕೆಲಸದಲ್ಲಿ ಮುಳುಗಿದ್ದು, ಆ ಮಾತು ತನ್ನನ್ನು ಉದ್ದೇಶಿಸಿದ್ದೆಂದು ಗ್ರಹಿಸದೆ ಇರಬಹುದು. ಶಾಲೆಯ ಭಾಷೆ ಪೂರ್ತಿ ಬಾರದ ಮಗುವಿಗೆ ವಾಕ್ಯವೇ ಅರ್ಥವಾಗಿರುವುದಿಲ್ಲ. ಕಿವಿ ಮಂದವಾಗಿರುವ ಮಗುವಿಗೆ ಮಾತು ತಲುಪಿಯೇ ಇರುವುದಿಲ್ಲ. ಹಾಳೆಯ ಮೇಲೆ ಈ ನಾಲ್ಕು ಮಕ್ಕಳಿಗೂ ಬೀಳುವುದು ಒಂದೇ ಗುರುತು.

‘ಬೇರೆಯವರ ಮಾತಿನ ನಡುವೆ ಬಾಯಿ ಹಾಕುತ್ತಾನೆ’ ಎಂಬುದೂ ಹಾಗೆಯೇ. ಕಾಯಬೇಕೆಂದು ತಿಳಿದಿದ್ದೂ ತಡೆದುಕೊಳ್ಳಲಾಗದಿರುವುದು ಒಂದು. ಈಗ ಮಾತನಾಡುವ ಸರದಿ ಯಾರದ್ದೆಂಬ ಸೂಚನೆಯೇ ಗೋಚರಿಸದಿರುವುದು ಇನ್ನೊಂದು. ಕೈ ಬೀಸುವುದು, ಓಲಾಡುವುದು ಮೊದಲಾದ ಪುನರಾವರ್ತಿತ ಚಲನೆಗಳು ಮಗುವನ್ನು ಶಾಂತಗೊಳಿಸುತ್ತಿದ್ದರೆ ಅವನ್ನು ಚಡಪಡಿಕೆಯ ಲೆಕ್ಕಕ್ಕೆ ಸೇರಿಸಬಾರದು. ಆದ್ದರಿಂದ ಪ್ರತಿ ಗುರುತಿನ ಎದುರಿಗೂ ಶಿಕ್ಷಕಿಯಿಂದ ಒಂದು ನಿಜವಾದ ಸಂದರ್ಭವನ್ನು ಕೇಳಿ ಬರೆದುಕೊಳ್ಳಿ: ಆ ಹೊತ್ತಿನಲ್ಲಿ ಏನು ನಡೆಯುತ್ತಿತ್ತು, ಅದಕ್ಕೆ ಮೊದಲು ಏನಾಯಿತು, ಅನಂತರ ಮಗು ಏನು ಮಾಡಿತು. ತಜ್ಞರಿಗೆ ಒಟ್ಟು ಅಂಕಕ್ಕಿಂತ ಈ ಟಿಪ್ಪಣಿ ಹೆಚ್ಚು ಉಪಯುಕ್ತ.

ಒಂದು ಎಚ್ಚರಿಕೆ. ‘ಇಷ್ಟವಾದದ್ದರಲ್ಲಿ ಗಂಟೆಗಟ್ಟಲೆ ಕುಳಿತಿರುತ್ತಾನೆ, ಹಾಗಾಗಿ ಎಡಿಎಚ್‌ಡಿ ಇರಲಾರದು’ ಎಂಬ ವಾದವನ್ನು ಹಲವರು ಮುಂದಿಡುತ್ತಾರೆ. ಇಷ್ಟದ ಕೆಲಸದಲ್ಲಿ ಮುಳುಗುವುದು ಎರಡೂ ಸ್ಥಿತಿಗಳಲ್ಲಿ ಇರುವುದರಿಂದ ಅದರಿಂದ ಏನೂ ತೀರ್ಮಾನವಾಗುವುದಿಲ್ಲ. ತಾನೇ ಆರಿಸಿಕೊಂಡ ಕೆಲಸದಲ್ಲೂ ಅವನು ಹಂತಗಳನ್ನು ಮರೆಯುತ್ತಾನೆಯೇ, ಬೇಕಾದ ವಸ್ತುಗಳನ್ನು ಕಳೆದುಕೊಳ್ಳುತ್ತಾನೆಯೇ, ಯಾರೂ ಅಡ್ಡಿ ಮಾಡದಿದ್ದರೂ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನೆಯೇ ಎಂಬುದನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ. ಎರಡೂ ಇರುವ ಮಕ್ಕಳಲ್ಲಿ ನಾನು ಮತ್ತೆ ಮತ್ತೆ ಕಾಣುವುದೆಂದರೆ, ದಿನಚರಿ ಬದಲಾಗಬಾರದೆಂಬ ಹಟವೂ ಆ ದಿನಚರಿಯನ್ನು ತಾನೇ ಪಾಲಿಸಲಾಗದ ಸಂಕಟವೂ ಒಂದೇ ಮಗುವಿನಲ್ಲಿ ಒಟ್ಟಿಗೆ ಇರುವುದು.

ಇನ್ನು ತಾಯಿಯ ಉತ್ತರ. ಅದನ್ನು ಬದಿಗಿಡಲು ಯಾವ ಆಧಾರವೂ ಇಲ್ಲ. ಮಕ್ಕಳ ವರ್ತನೆಯ ಬಗ್ಗೆ ಬೇರೆ ಬೇರೆ ಪಾತ್ರದಲ್ಲಿರುವ ಹಿರಿಯರು ಕೊಡುವ ಮಾಹಿತಿ ಎಷ್ಟರಮಟ್ಟಿಗೆ ಹೊಂದುತ್ತದೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 1987ರ ಪ್ರಸಿದ್ಧ ವಿಶ್ಲೇಷಣೆಯಲ್ಲಿ, ಪಾಲಕರು ಮತ್ತು ಶಿಕ್ಷಕರಂಥ ಜೋಡಿಗಳ ನಡುವಿನ ಸಹಸಂಬಂಧ (1 ಎಂದರೆ ಪೂರ್ಣ ಹೊಂದಿಕೆ) ಸರಾಸರಿ 0.28 ಮಾತ್ರ ಇತ್ತು. ತಂದೆ ಮತ್ತು ತಾಯಿಯಂತೆ ಒಂದೇ ಪಾತ್ರದಲ್ಲಿರುವವರ ನಡುವೆ ಅದು 0.60. ಅಂದರೆ ನಿಮ್ಮ ಎರಡು ಹಾಳೆಗಳ ನಡುವಿನ ಅಂತರ ಎಲ್ಲ ಸಮುದಾಯಗಳಲ್ಲೂ ಕಾಣಸಿಗುವ ಸಾಮಾನ್ಯ ಸಂಗತಿ. ಅದನ್ನು ಒಂದು ಸಮುದಾಯದ ಸ್ವಭಾವದ ಮೇಲೆ ಹೊರಿಸುವುದು ಅನ್ಯಾಯ. ಮನೆಯಲ್ಲಿ ಯಾರಾದರೂ ಸದಾ ಪಕ್ಕದಲ್ಲಿದ್ದು ನೆನಪಿಸುತ್ತಿದ್ದರೆ ಮರೆವು ಕಾಣಿಸುವುದೇ ಇಲ್ಲ. ಅಥವಾ ಶಾಲೆಯ ಗದ್ದಲವೂ ಅರ್ಥವಾಗದ ಭಾಷೆಯೂ ಸೇರಿ ಮನೆಯಲ್ಲಿಲ್ಲದ ತೊಂದರೆಯನ್ನು ಅಲ್ಲಿ ಉಂಟುಮಾಡುತ್ತಿರಬಹುದು. ಎರಡು ಅಥವಾ ಹೆಚ್ಚಿನ ಸನ್ನಿವೇಶಗಳಲ್ಲಿ ಲಕ್ಷಣಗಳಿರಬೇಕು, ಅವುಗಳಲ್ಲಿ ಹಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು ಮತ್ತು ಅವುಗಳಿಂದ ಮಗುವಿನ ಬದುಕಿಗೆ ನಿಜವಾದ ಅಡ್ಡಿಯಾಗುತ್ತಿರಬೇಕು ಎಂದು ಡಿಎಸ್‌ಎಂ-5 ಕೇಳುವುದು ಇಂಥ ಸಂದರ್ಭಗಳಿಗಾಗಿಯೇ.

ಸಂಸ್ಕೃತಿಯ ಪ್ರಭಾವ ತಾಯಿಯ ಉತ್ತರದಲ್ಲಿ ಮಾತ್ರ ಇರುತ್ತದೆಂದು ಏಕೆ ಭಾವಿಸಬೇಕು? ಅದು ಶಿಕ್ಷಕಿಯ ಹಾಳೆಯಲ್ಲೂ ನನ್ನಂಥವರ ಕಣ್ಣಿನಲ್ಲೂ ಇರುತ್ತದೆ. 1992ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚೀನಾ, ಇಂಡೊನೇಷ್ಯಾ, ಜಪಾನ್ ಮತ್ತು ಅಮೆರಿಕದ ಮಾನಸಿಕ ಆರೋಗ್ಯ ತಜ್ಞರಿಗೆ ಎಂಟು ವರ್ಷದ ಬಾಲಕರ ಒಂದೇ ವಿಡಿಯೊಗಳನ್ನು ತೋರಿಸಿದಾಗ, ಚೀನಾ ಮತ್ತು ಇಂಡೊನೇಷ್ಯಾದ ತಜ್ಞರು ಅತಿಚಟುವಟಿಕೆಗೆ ಉಳಿದಿಬ್ಬರಿಗಿಂತ ಗಣನೀಯವಾಗಿ ಹೆಚ್ಚು ಅಂಕ ಕೊಟ್ಟರು. ಮರುವರ್ಷ ಇಂಗ್ಲೆಂಡಿನಿಂದ ಬಂದ ಅಧ್ಯಯನವೊಂದು ಶಿಕ್ಷಕರ ಅಂಕಗಳನ್ನು ವಸ್ತುನಿಷ್ಠ ಅಳತೆಗಳೊಂದಿಗೆ ಹೋಲಿಸಿತು. ಅತಿಚಟುವಟಿಕೆಯವರೆಂದು ಶಿಕ್ಷಕರು ಗುರುತಿಸಿದ ಏಷ್ಯನ್ ಮೂಲದ ಮಕ್ಕಳು, ಅಷ್ಟೇ ಅಂಕ ಪಡೆದ ಇಂಗ್ಲಿಷ್ ಮಕ್ಕಳಿಗಿಂತ ಅಳತೆಯಲ್ಲಿ ಕಡಿಮೆ ಚಟುವಟಿಕೆಯವರಾಗಿದ್ದರು. ಅಂಕವೆಂಬುದು ಮಗುವಿನ ವರ್ತನೆ ಮತ್ತು ಅಂಕ ಕೊಡುವವರ ನಿರೀಕ್ಷೆ ಎರಡೂ ಸೇರಿ ಹುಟ್ಟಿದ್ದು ಎಂದು ತಿಳಿದೇ ಅದನ್ನು ಓದಬೇಕು.

ಇದರಿಂದ ಎಡಿಎಚ್‌ಡಿ ಎಂಬುದೇ ಒಂದು ಸಂಸ್ಕೃತಿಯ ಕಲ್ಪನೆ ಎಂಬ ತೀರ್ಮಾನಕ್ಕೂ ಹೋಗಬಾರದು. ಜಗತ್ತಿನ ನಾನಾ ಭಾಗಗಳ ಅಧ್ಯಯನಗಳನ್ನು ಸೇರಿಸಿದ 2007ರ ವಿಶ್ಲೇಷಣೆ ಮಕ್ಕಳಲ್ಲೂ ಹದಿಹರೆಯದವರಲ್ಲೂ ಇದರ ಪ್ರಮಾಣವನ್ನು ಶೇ. 5.29 ಎಂದು ಅಂದಾಜಿಸಿತು. ಅಧ್ಯಯನಗಳ ನಡುವೆ ಕಂಡ ವ್ಯತ್ಯಾಸಕ್ಕೆ ಭೂಪ್ರದೇಶಕ್ಕಿಂತ ವಿಧಾನಗಳ ಭೇದವೇ ಹೆಚ್ಚು ಕಾರಣವೆಂದೂ ಅದು ಕಂಡುಕೊಂಡಿತು: ಯಾವ ಮಾನದಂಡ ಬಳಸಿದರು, ಯಾರನ್ನು ಕೇಳಿದರು, ದೈನಂದಿನ ಬದುಕಿಗೆ ಅಡ್ಡಿಯಾಗಿರಬೇಕೆಂಬ ಷರತ್ತು ಇತ್ತೇ ಇಲ್ಲವೇ ಎಂಬಂಥವು.

ಬಾಲಕ ತನ್ನ ತರಗತಿಯಲ್ಲಿ ಅತಿ ಕಿರಿಯನೇ ಎಂಬುದನ್ನೂ ನೋಡಿ. ಅಮೆರಿಕದಲ್ಲಿ ಶಾಲೆಗೆ ಸೇರಲು ಸೆಪ್ಟೆಂಬರ್ 1ರ ವಯೋಮಿತಿ ಇರುವ ರಾಜ್ಯಗಳ ಮಕ್ಕಳನ್ನು ಹೋಲಿಸಿದ 2018ರ ಅಧ್ಯಯನದಲ್ಲಿ, ತರಗತಿಯಲ್ಲಿ ಕಿರಿಯರಾಗಿದ್ದ, ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ 10,000ಕ್ಕೆ 85.1 ಮಂದಿಗೆ, ಹಿರಿಯರಾಗಿದ್ದ, ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಕ್ಕಳಲ್ಲಿ 63.6 ಮಂದಿಗೆ ಎಡಿಎಚ್‌ಡಿ ನಿರ್ಣಯವಾಗಿತ್ತು.

ಉತ್ತರ 2: ವಾಕ್-ಶ್ರವಣ ತಜ್ಞೆ

ಮೇಲಿನ ಉತ್ತರದಲ್ಲಿ ಒಂದು ವಾಕ್ಯದಲ್ಲಿ ಬಂದುಹೋದ ಕಿವಿ ಮತ್ತು ಭಾಷೆಯ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ. ಶ್ರವಣ ಪರೀಕ್ಷೆ ಇತ್ತೀಚೆಗೆ ಆಗಿಲ್ಲವಾದರೆ ಮೊದಲು ಅದನ್ನು ಮಾಡಿಸಿ. ಮಧ್ಯಕಿವಿಯಲ್ಲಿ ದ್ರವ ತುಂಬಿಕೊಳ್ಳುವ ಮಕ್ಕಳಿಗೆ ಒಂದು ವಾರ ಚೆನ್ನಾಗಿ, ಇನ್ನೊಂದು ವಾರ ಮಂದವಾಗಿ ಕೇಳಿಸುತ್ತದೆ; ನೋಡುವವರಿಗೆ ಅದು ‘ಮನಸ್ಸಿದ್ದಾಗ ಕೇಳುತ್ತಾನೆ, ಇಲ್ಲದಾಗ ಇಲ್ಲ’ ಎಂಬಂತೆ ಕಾಣುತ್ತದೆ.

ಭಾಷೆಯ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಬಾಲಕನ ಗಮನವನ್ನು ಮೂರು ಬಗೆಯ ಕೆಲಸಗಳಲ್ಲಿ ಗಮನಿಸಿ: ಶಾಲೆಯ ಭಾಷೆಯಲ್ಲಿ ಹೇಳಿದ ಸೂಚನೆ, ಮನೆಮಾತಿನಲ್ಲಿ ಹೇಳಿದ ಅಷ್ಟೇ ಉದ್ದದ ಸೂಚನೆ ಮತ್ತು ಮಾತೇ ಬೇಡದ ಕೆಲಸ, ಉದಾಹರಣೆಗೆ ಮಾದರಿ ನೋಡಿ ಜೋಡಿಸುವುದು. ಮೊದಲನೆಯದರಲ್ಲಿ ಮಾತ್ರ ಗಮನ ತಪ್ಪುತ್ತಿದ್ದರೆ ಆ ಭಾಷೆ ಇನ್ನೂ ಕೈಹಿಡಿದಿಲ್ಲ ಎಂದು ಯೋಚಿಸಬೇಕು. ಎರಡೂ ಭಾಷೆಗಳಲ್ಲಿ ತಪ್ಪಿ, ಮಾತಿಲ್ಲದ ಕೆಲಸದಲ್ಲಿ ಚೆನ್ನಾಗಿದ್ದರೆ ಭಾಷಾ ಬೆಳವಣಿಗೆಯದೇ ತೊಂದರೆಯ ಸಾಧ್ಯತೆ ಇದೆ. ನಿಜವಾದ ಭಾಷಾ ಬೆಳವಣಿಗೆಯ ತೊಂದರೆ ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣಿಸಿಕೊಳ್ಳುತ್ತದೆ. ಮೂರರಲ್ಲೂ ತಪ್ಪಿದರೆ ಎಡಿಎಚ್‌ಡಿಯ ಅನುಮಾನ ಬಲಗೊಳ್ಳುತ್ತದೆ. ಇದನ್ನೇ ಪರೀಕ್ಷೆಯೆಂದು ಭಾವಿಸಬೇಡಿ. ದಾರಿ ತೋರಿಸುವ ವೀಕ್ಷಣೆಯೆಂದು ಇಟ್ಟುಕೊಳ್ಳಿ.

ತಾಯಿ ಪ್ರಶ್ನಾವಳಿಯನ್ನು ಯಾವ ಭಾಷೆಯಲ್ಲಿ ತುಂಬಿದರು? ಯಾರೋ ಪಕ್ಕದಲ್ಲಿ ಕುಳಿತು ಬಾಯಿಮಾತಿನಲ್ಲಿ ಅನುವಾದಿಸಿದ್ದರೆ, ‘ಆಗಾಗ’ ಮತ್ತು ‘ಬಹಳ ಸಲ’ ಎಂಬ ಆಯ್ಕೆಗಳ ನಡುವಿನ ಅಂತರ ಅಲ್ಲಿಯೇ ಅಳಿಸಿಹೋಗಿರಬಹುದು. ಒಳ್ಳೆಯ ಅನುವಾದವಿದ್ದರೂ, ಆ ಭಾಷೆಯ ಮಕ್ಕಳ ಮೇಲೆ ಮಾನದಂಡಗಳನ್ನು ಹೊಸದಾಗಿ ರೂಪಿಸದೆ ಮೂಲ ಭಾಷೆಯ ಮಿತಿಯನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ. ತರಬೇತಾದ ದುಭಾಷಿಯ ನೆರವು ಪಡೆಯಿರಿ. ಬಾಲಕನನ್ನಾಗಲಿ ಅವನ ಅಣ್ಣ-ಅಕ್ಕಂದಿರನ್ನಾಗಲಿ ಆ ಕೆಲಸಕ್ಕೆ ಕೂರಿಸುವುದು ಬೇಡವೇ ಬೇಡ. ತಮ್ಮನ ಮುಂದೆ ತಮ್ಮನ ಕಷ್ಟಗಳನ್ನು ಅನುವಾದಿಸುವ ಹೊರೆಯನ್ನು ಯಾವ ಮಗುವಿನ ಮೇಲೂ ಹೊರಿಸಬಾರದು. ಹಾಗೆಯೇ, ‘ಮನೆಯಲ್ಲೂ ಶಾಲೆಯ ಭಾಷೆಯನ್ನೇ ಮಾತಾಡಿ’ ಎಂದು ಕುಟುಂಬಕ್ಕೆ ಹೇಳಬೇಡಿ. ಎರಡು ಭಾಷೆಗಳಲ್ಲಿ ಬೆಳೆಯುವುದರಿಂದ ಎಡಿಎಚ್‌ಡಿಯಾಗಲಿ ಆಟಿಸಂ ಆಗಲಿ ಬರುವುದಿಲ್ಲ.

ಉತ್ತರ 3: ಒಬ್ಬ ತಾಯಿ

ನನ್ನ ಮಗಳಿಗೂ ಆಟಿಸಂ ಮತ್ತು ಎಡಿಎಚ್‌ಡಿ ಎರಡೂ ಇವೆ. ನಾವೂ ಬೇರೆ ಭಾಷೆಯ ಊರಿಗೆ ಬಂದು ನೆಲೆಸಿದವರು. ತಜ್ಞರ ಮಾತುಗಳ ನಡುವೆ ಪಾಲಕರ ಕಡೆಯಿಂದ ಒಂದು ಮಾತನ್ನು ಸೇರಿಸಬೇಕೆನಿಸಿತು.

ನಮ್ಮಂಥವರ ಕೈಗೆ ಪ್ರಶ್ನಾವಳಿ ಬಂದಾಗ ನಾವು ಮೊದಲು ಓದುವುದು ಪ್ರಶ್ನೆಗಳನ್ನಲ್ಲ. ಈ ಹಾಳೆ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಇದರಿಂದ ಮಗುವನ್ನು ತರಗತಿಯಿಂದ ಹೊರಗಿಡುತ್ತಾರೆಯೇ ಎಂಬ ಭಯವನ್ನು. ಆ ಭಯ ಕಳೆಯುವವರೆಗೆ ಯಾವ ತಾಯಿಯೂ ‘ಬಹಳ ಸಲ’ ಎಂಬ ಚೌಕದಲ್ಲಿ ಧೈರ್ಯವಾಗಿ ಗುರುತು ಹಾಕಲಾರಳು. ಅದನ್ನು ನಿರಾಕರಣೆ ಎಂದು ಕರೆಯಬೇಡಿ. ನಮ್ಮ ವಿಷಯದಲ್ಲಿ ಬದಲಾವಣೆಯಾದದ್ದು, ಒಬ್ಬ ಮನಶ್ಶಾಸ್ತ್ರಜ್ಞೆ ಹಾಳೆಯನ್ನು ಪಕ್ಕಕ್ಕಿಟ್ಟು, “ಬೆಳಿಗ್ಗೆ ಎದ್ದಾಗಿನಿಂದ ಶಾಲೆಗೆ ಹೊರಡುವವರೆಗೆ ಅವಳಿಗೆ ನೀವು ಏನೇನು ನೆನಪಿಸಬೇಕಾಗುತ್ತದೆ?” ಎಂದು ಕೇಳಿದಾಗ. ಬ್ರಶ್ ಮಾಡುವುದರಿಂದ ಹಿಡಿದು ಚಪ್ಪಲಿಯ ಎರಡನೆಯ ಕಾಲಿನವರೆಗೆ ನಾನು ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು. ಅದೆಲ್ಲವೂ ನನಗೆ ತಾಯಿಯ ದಿನನಿತ್ಯದ ಕೆಲಸವಾಗಿತ್ತು, ಮಗುವಿನ ಲಕ್ಷಣವೆಂಬ ಯೋಚನೆ ಬರಲು ಕಾರಣವೇ ಇರಲಿಲ್ಲ.

ಇನ್ನೊಂದು ಮಾತು. ನನ್ನ ಮಗಳು ತರಗತಿಯಲ್ಲಿ ಗಲಾಟೆ ಮಾಡುವವಳಲ್ಲ. ಪಕ್ಕದ ಮಗುವನ್ನು ನೋಡಿ ಅನುಕರಿಸಿ, ದಿನವಿಡೀ ತನ್ನನ್ನು ಬಿಗಿಹಿಡಿದುಕೊಂಡಿದ್ದು, ಮನೆಗೆ ಬಂದ ಮೇಲೆ ಕುಸಿದುಬೀಳುತ್ತಿದ್ದಳು. ಶಿಕ್ಷಕರ ಹಾಳೆ ಖಾಲಿಯಾಗಿತ್ತು, ಆ ಮಾತುಕತೆಯ ನಂತರ ನನ್ನದು ತುಂಬಿತ್ತು. ನಿಮ್ಮ ಬಾಲಕನ ಹಾಳೆಗಳು ಇದರ ತಿರುವುಮುರುವು. ಶಾಲೆಗೆ ತೊಂದರೆ ಕೊಡುವ ಮಕ್ಕಳಷ್ಟೇ ಮೌಲ್ಯಮಾಪನಕ್ಕೆ ಬಂದರೆ, ತಮಗೆ ತಾವೇ ತೊಂದರೆ ಅನುಭವಿಸುವ ಹುಡುಗಿಯರನ್ನು ಯಾರು ನೋಡಬೇಕು?

ಉತ್ತರ 4: ಮಕ್ಕಳ ಬೆಳವಣಿಗೆಯ ತಜ್ಞವೈದ್ಯ

ಈ ಚರ್ಚೆಯಲ್ಲಿ ಎಚ್ಚರಿಕೆಗಳೇ ಹೆಚ್ಚಾಗಿವೆ. ಅವೆಲ್ಲವೂ ಅಗತ್ಯವೇ ಆದರೂ, ಅವನ್ನು ಓದಿ ‘ಸದ್ಯಕ್ಕೆ ಕಾಯೋಣ’ ಎಂಬ ತೀರ್ಮಾನಕ್ಕೆ ಶಾಲೆಗಳು ಬಂದುಬಿಟ್ಟರೆ ಅದು ಇನ್ನೊಂದು ಬಗೆಯ ಅನ್ಯಾಯ. ಅಮೆರಿಕದಲ್ಲಿ ಮಕ್ಕಳನ್ನು ಕಿಂಡರ್‌ಗಾರ್ಟನ್‌ನಿಂದ ಎಂಟನೆಯ ತರಗತಿಯವರೆಗೆ ಹಿಂಬಾಲಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವರ್ತನೆ, ಕಲಿಕೆ, ಕುಟುಂಬದ ಸ್ಥಿತಿ ಮೊದಲಾದವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಬಿಳಿಯ ಮಕ್ಕಳಿಗೆ ಹೋಲಿಸಿದರೆ ಎಡಿಎಚ್‌ಡಿ ನಿರ್ಣಯ ಸಿಗುವ ಸಂಭಾವ್ಯತೆ ಕಪ್ಪು ಮಕ್ಕಳಿಗೆ ಶೇ. 69ರಷ್ಟೂ ಹಿಸ್ಪಾನಿಕ್ ಮಕ್ಕಳಿಗೆ ಶೇ. 50ರಷ್ಟೂ ಕಡಿಮೆಯಿತ್ತು. ಅಲ್ಪಸಂಖ್ಯಾತ ಮಕ್ಕಳಿಗೆ ಅತಿಯಾಗಿ ಹಣೆಪಟ್ಟಿ ಹಚ್ಚಲಾಗುತ್ತಿದೆ ಎಂಬ ಆತಂಕದ ಜೊತೆಗೆ, ಅವರ ಕಷ್ಟ ಯಾರ ಗಮನಕ್ಕೂ ಬಾರದೆ ಹೋಗುತ್ತಿದೆ ಎಂಬ ಆತಂಕವನ್ನೂ ಇಟ್ಟುಕೊಳ್ಳಬೇಕು.

ವೈದ್ಯಕೀಯವಾಗಿ ನೋಡಬೇಕಾದವು: ನಿದ್ರೆ, ಅದರಲ್ಲೂ ಗೊರಕೆ ಮತ್ತು ನಿದ್ರೆಯಲ್ಲಿ ಉಸಿರು ಕಟ್ಟುವುದು, ಕಬ್ಬಿಣಾಂಶದ ಕೊರತೆ, ಕೆಲವು ಸೆಕೆಂಡುಗಳ ಕಾಲ ದೃಷ್ಟಿ ನೆಟ್ಟು ಸ್ತಬ್ಧವಾಗುವ ಬಗೆಯ ಅಪಸ್ಮಾರ, ಆತಂಕ, ವಲಸೆಯ ಹಿಂದೆ ಯುದ್ಧ ಅಥವಾ ಹಿಂಸೆಯ ಅನುಭವವಿದ್ದರೆ ಅದರ ಆಘಾತ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಗುವನ್ನು ಅದರ ಹುಟ್ಟಿದ ವಯಸ್ಸಿನವರಿಗೆ ಹೋಲಿಸದೆ, ಅದರ ಮಾನಸಿಕ ವಯಸ್ಸಿಗೆ ಹೋಲಿಸಿ ಲಕ್ಷಣಗಳು ಹೆಚ್ಚಾಗಿವೆಯೇ ಎಂದು ಕೇಳಬೇಕು.

ಕಂಪ್ಯೂಟರಿನ ಮುಂದೆ ಕೂರಿಸಿ ಮಾಡುವ ಗಮನದ ಪರೀಕ್ಷೆಗಳಿಂದ ಭಾಷೆಯ ತೊಡಕು ತಪ್ಪುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಅವು ಪೂರಕ ಮಾಹಿತಿ ಕೊಡುತ್ತವೆ, ಅಷ್ಟೇ. ಎಡಿಎಚ್‌ಡಿ ಇರುವ ಹಲವು ಮಕ್ಕಳು ಅವುಗಳಲ್ಲಿ ಸಾಮಾನ್ಯ ಅಂಕವನ್ನೇ ಪಡೆಯುತ್ತಾರೆ. ಪ್ರಶ್ನಾವಳಿಯ ಅಂಕ ಅಥವಾ ವೀಕ್ಷಣೆಯ ಮಾಹಿತಿ ಮಾತ್ರವನ್ನೇ ಆಧರಿಸಿ ನಿರ್ಣಯ ಕೊಡಬಾರದೆಂದು ಆರೋಗ್ಯ ಸೇವೆಗೆ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ಹೇಳುತ್ತದೆ.

ಎರಡೂ ಇವೆಯೇ ಎಂದು ತಿಳಿಯುವುದು ಚಿಕಿತ್ಸೆಯ ದೃಷ್ಟಿಯಿಂದಲೂ ಮುಖ್ಯ. ಆಟಿಸಂ ವರ್ಣಪಟಲದ ಸ್ಥಿತಿಗಳ ಜೊತೆಗೆ ಅತಿಚಟುವಟಿಕೆಯೂ ಇದ್ದ 72 ಮಕ್ಕಳಿಗೆ ಎಡಿಎಚ್‌ಡಿಯ ಔಷಧವಾದ ಮಿಥೈಲ್‌ಫೆನಿಡೇಟ್ ಕೊಟ್ಟು ನೋಡಿದ 2005ರ ಪ್ರಯೋಗದಲ್ಲಿ ಶೇ. 49ರಷ್ಟು ಮಕ್ಕಳಿಗೆ ಪ್ರಯೋಜನವಾಯಿತು, ಶೇ. 18ರಷ್ಟು ಮಕ್ಕಳು ಅಡ್ಡಪರಿಣಾಮಗಳಿಂದ ಔಷಧ ನಿಲ್ಲಿಸಬೇಕಾಯಿತು. ಆಟಿಸಂ ಇಲ್ಲದ ಮಕ್ಕಳಲ್ಲಿ ಕಾಣುವುದಕ್ಕಿಂತ ಇಲ್ಲಿ ಪ್ರಯೋಜನ ಕಡಿಮೆ, ಅಡ್ಡಪರಿಣಾಮ ಹೆಚ್ಚು. ಆದರೂ ಸುಮಾರು ಅರ್ಧದಷ್ಟು ಮಕ್ಕಳಿಗೆ ನೆರವಾಗುವ ಔಷಧವನ್ನು ‘ಎಲ್ಲವೂ ಆಟಿಸಂ’ ಎಂಬ ಒಂದು ಮಾತಿನಿಂದ ದೂರವಿಡುವುದು ಸರಿಯಲ್ಲ. ಔಷಧವನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿ, ನಿಧಾನವಾಗಿ ಏರಿಸಿ, ನಿಕಟವಾಗಿ ಗಮನಿಸಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾಯಿ ಹಾಳೆಯನ್ನು ಶಾಲೆಯ ಭಾಷೆಯಲ್ಲಿಯೇ, ನೆರೆಯವರೊಬ್ಬರ ಸಹಾಯದಿಂದ ತುಂಬಿದ್ದಾರೆಂದು ವಿಚಾರಿಸಿದಾಗ ತಿಳಿಯಿತು. ದುಭಾಷಿಯನ್ನು ಕರೆಸಿ ಅವರೊಂದಿಗೆ ಮತ್ತೆ ಮಾತನಾಡಲಿದ್ದೇನೆ. ಶ್ರವಣ ಪರೀಕ್ಷೆಗೂ ಬರೆದುಕೊಟ್ಟಿದ್ದೇನೆ. ಇನ್ನೊಂದೇ ಪ್ರಶ್ನೆ ಉಳಿದಿದೆ. ತಜ್ಞರಿಗೆ ಕಳುಹಿಸುವ ವರದಿಯಲ್ಲಿ ಎರಡು ಹಾಳೆಗಳ ಅಂತರವನ್ನು ಹೇಗೆ ಬರೆಯಬೇಕು? ಸರಾಸರಿ ತೆಗೆಯಬೇಕೆಂದು ನಮ್ಮಲ್ಲಿ ಒಬ್ಬರು ಹೇಳಿದರು.

ಉತ್ತರ 1ನ್ನು ಬರೆದವರಿಂದ

ಸರಾಸರಿ ತೆಗೆಯಬೇಡಿ ಮೇಡಂ. ಎರಡು ನಿಜವಾದ ಮಾಹಿತಿಗಳನ್ನು ಸೇರಿಸಿ ಯಾರೂ ಕಂಡಿರದ ಮೂರನೆಯ ಮಗುವೊಂದನ್ನು ಸೃಷ್ಟಿಸಿದಂತಾಗುತ್ತದೆ. ಎರಡೂ ಅಂಕಗಳನ್ನು ಇದ್ದಂತೆಯೇ ಕೊಡಿ. ಪ್ರತಿಯೊಂದರ ಪಕ್ಕದಲ್ಲಿ ಯಾರು ತುಂಬಿದರು, ಯಾವ ಭಾಷೆಯಲ್ಲಿ, ಯಾರ ನೆರವಿನಿಂದ, ಮಗುವನ್ನು ಎಷ್ಟು ಕಾಲದಿಂದ ಬಲ್ಲರು, ಯಾವ ಮಕ್ಕಳಿಗೆ ಹೋಲಿಸಿ ಉತ್ತರಿಸಿದರು ಎಂಬುದನ್ನು ಬರೆಯಿರಿ. ಮಾನದಂಡದ ಗುಂಪಿನಲ್ಲಿ ಈ ಭಾಷೆಯ ಅಥವಾ ಆಟಿಸಂ ಇರುವ ಮಕ್ಕಳು ಸೇರಿಲ್ಲದಿದ್ದರೆ, ‘ಮಿತಿಯನ್ನು ಈ ಮಗುವಿಗೆ ಅನ್ವಯಿಸುವಾಗ ಎಚ್ಚರ ಅಗತ್ಯ’ ಎಂದು ಒಂದು ವಾಕ್ಯ ಸೇರಿಸಿ. ಅನಂತರ ನೀವು ಸಂಗ್ರಹಿಸಿದ ಸಂದರ್ಭಗಳನ್ನು ಲಗತ್ತಿಸಿ.

ತಾಯಿಯೊಂದಿಗೆ ಮಾತನಾಡುವಾಗ ಡಿಎಸ್‌ಎಂ-5ರಲ್ಲಿರುವ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನ ನಿಮಗೆ ನೆರವಾಗಬಹುದು. ಬಂಧುಗಳನ್ನು ಕೇಳಲು ಅದರದೇ ಬೇರೆ ಆವೃತ್ತಿಯೂ ಇದೆ. ಮಗುವಿನ ಕಷ್ಟವನ್ನು ಕುಟುಂಬ ತನ್ನ ಮಾತಿನಲ್ಲಿ ಏನೆಂದು ಕರೆಯುತ್ತದೆ, ಅದಕ್ಕೆ ಕಾರಣ ಏನೆಂದು ಭಾವಿಸುತ್ತದೆ, ಇದುವರೆಗೆ ಏನೇನು ಮಾಡಿ ನೋಡಿದೆ, ಯಾವ ನೆರವನ್ನು ಬಯಸುತ್ತದೆ ಎಂಬುದನ್ನು ಅದು ಕೇಳುತ್ತದೆ. ಮೌಲ್ಯಮಾಪನ ಮುಗಿಯಲು ಸಮಯ ಹಿಡಿಯಬಹುದು. ಆದ್ದರಿಂದ ಸೂಚನೆಗಳನ್ನು ಒಂದೊಂದಾಗಿ ಕೊಡುವುದು, ಚಿತ್ರಗಳಿರುವ ದಿನಚರಿ ಪಟ್ಟಿ, ಗದ್ದಲದಿಂದ ದೂರದ ಜಾಗ ಮತ್ತು ನಡುನಡುವೆ ಎದ್ದು ಓಡಾಡುವ ಅವಕಾಶವನ್ನು ನಾಳೆಯಿಂದಲೇ ಆರಂಭಿಸಿ. ಇವು ಆಟಿಸಂಗೂ ಎಡಿಎಚ್‌ಡಿಗೂ ಹೊಸ ಭಾಷೆ ಕಲಿಯುವ ಮಗುವಿಗೂ ಸಮಾನವಾಗಿ ಉಪಯುಕ್ತ. ಇವಕ್ಕೆ ಯಾವ ನಿರ್ಣಯಪತ್ರವೂ ಬೇಕಿಲ್ಲ. ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬ ಟಿಪ್ಪಣಿಯನ್ನೂ ವರದಿಯೊಂದಿಗೆ ಕಳುಹಿಸಿ.